ಲ್ಯಾಮಿನೇಟ್ ನೆಲಹಾಸು: ಹಲಗೆ ಕೊಯ್ಯುವ ಕ್ರಮ

ಲ್ಯಾಮಿನೇಟ್ ನೆಲಹಾಸು: ಮರದ ನಾರನ್ನು ಒತ್ತಿ ಮಾಡಿದ ಗಟ್ಟಿ ಹಲಗೆಯ ಮೇಲೆ ಮರದ ಚಿತ್ರವಿರುವ ಕಾಗದವನ್ನೂ ಸವೆತ ತಡೆಯುವ ಪಾರದರ್ಶಕ ಪದರವನ್ನೂ ಕೂಡಿಸಿ, ಒಂದಕ್ಕೊಂದು ಸಿಕ್ಕಿಸಿ ಹಾಸುವ ನೆಲ. ಬೆಂಗಳೂರಿನಲ್ಲಿ ‘ವುಡನ್ ಫ್ಲೋರಿಂಗ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಸರಕಿನಲ್ಲಿ ಇದೂ ಸೇರಿದೆ. ಇದನ್ನು ನೆಲಕ್ಕೆ ಅಂಟಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಹಳೆಯ ನೆಲದ ಮೇಲೆ ಫೋಮ್ ಹಾಸಿ ಅದರ ಮೇಲೆ ತೇಲುವಂತೆ ಜೋಡಿಸುತ್ತಾರೆ. ಹೀಗಾಗಿ ಹಾಸುವವರ ಕೈಕೆಲಸದಲ್ಲಿ ಹೆಚ್ಚಿನ ಪಾಲು ಅಳತೆ ಮತ್ತು ಕೊಯ್ತದ್ದು. ಕಾರ್ಖಾನೆಯಿಂದ ಬಂದ ಹಲಗೆಗೆ ಮೇಲ್ಮೈಯೇ ರಕ್ಷಣೆ. ಗರಗಸ ತಾಗಿದ ಕಡೆ ಆ ರಕ್ಷಣೆ ಮುಗಿದು ಒಳಗಿನ ನಾರು ಗಾಳಿ ನೀರಿಗೆ ತೆರೆದುಕೊಳ್ಳುತ್ತದೆ. ಕೊಯ್ದ ಅಂಚು ಚೂರೇಳದಂತೆ, ಗೋಡೆಯ ಬದಿಗೆ ಮರೆಯಾಗುವಂತೆ, ಹಿಗ್ಗಲು ಜಾಗ ಉಳಿಯುವಂತೆ ನೋಡಿಕೊಳ್ಳುವುದೇ ಈ ಕೆಲಸದ ತಿರುಳು.

ಹಲಗೆಯ ರಚನೆ

ಹಲಗೆಯಲ್ಲಿ ನಾಲ್ಕು ಪದರಗಳಿವೆ. ಎಲ್ಲಕ್ಕಿಂತ ಮೇಲಿನದು ಮೆಲಮಿನ್ ರಾಳದಲ್ಲಿ ಅಲ್ಯೂಮಿನಿಯಂ ಆಕ್ಸೈಡ್ ಕಣಗಳನ್ನು ಬೆರೆಸಿದ ಸವೆತ ಪದರ. ಅದರ ಕೆಳಗೆ ತೇಗ, ಓಕ್ ಮೊದಲಾದ ಮರಗಳ ಚಿತ್ರ ಮುದ್ರಿಸಿದ ಕಾಗದ. ನಡುವೆ ಎಚ್‌ಡಿಎಫ್ ಎಂಬ ಅಧಿಕ ಸಾಂದ್ರತೆಯ ನಾರು ಹಲಗೆ, ದಪ್ಪವೆಲ್ಲ ಇದರದೇ. ತಳದಲ್ಲಿ ಹಲಗೆ ಬಾಗದಂತೆ ಹಿಡಿಯುವ ಸಮತೋಲನ ಪದರ. ಒಟ್ಟು ದಪ್ಪ ಸಾಮಾನ್ಯವಾಗಿ 7ರಿಂದ 12 ಮಿ.ಮೀ.; ಮನೆಗಳಿಗೆ 8 ಮಿ.ಮೀ. ಹಲಗೆ ಬಳಕೆಯಲ್ಲಿದೆ. ಉದ್ದ ಸುಮಾರು 1.2 ಮೀಟರ್, ಅಗಲ ಸುಮಾರು 19 ಸೆಂ.ಮೀ. ಒಂದು ಅಂಚಿನಲ್ಲಿ ನಾಲಿಗೆ, ಎದುರಂಚಿನಲ್ಲಿ ಅದನ್ನು ಕಚ್ಚಿ ಹಿಡಿಯುವ ತೋಡು ಇರುತ್ತದೆ. ಓರೆಯಾಗಿ ಹಿಡಿದು ಒತ್ತಿದರೆ ಹಲಗೆ ‘ಟಕ್’ ಎಂದು ಕೂರುತ್ತದೆ.

ಸವೆತ ತಡೆಯುವ ಶಕ್ತಿಯನ್ನು ಯುರೋಪಿನ ಇಎನ್ 13329 ಮಾನಕದಂತೆ ಎಸಿ ದರ್ಜೆಗಳಲ್ಲಿ ಸೂಚಿಸುತ್ತಾರೆ. ಎಸಿ3 ಮನೆಯ ಒಳಬಳಕೆಗೂ ಹಗುರ ವಾಣಿಜ್ಯ ಬಳಕೆಗೂ ಸಾಕು. ಎಸಿ4, ಎಸಿ5 ಓಡಾಟ ಹೆಚ್ಚಿರುವ ಅಂಗಡಿ, ಕಚೇರಿಗಳಿಗೆ. ದರ್ಜೆ ಹೆಚ್ಚಿದಷ್ಟೂ ನೆಲ ಬಾಳುತ್ತದೆ, ಗರಗಸದ ಹಲ್ಲು ಮಾತ್ರ ಬೇಗ ಮೊಂಡಾಗುತ್ತದೆ. ಅಲ್ಯೂಮಿನಿಯಂ ಆಕ್ಸೈಡ್ ಖನಿಜರೂಪದಲ್ಲಿ ಕುರಂದ. ಮೋಸ್ ಗಡಸುತನದ ಮಾಪನದಲ್ಲಿ ಅದರ ಸ್ಥಾನ 9, ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ. ತೇಗವನ್ನು ದಿನವಿಡೀ ಕೊಯ್ಯುವ ಉಕ್ಕಿನ ಬ್ಲೇಡು ಇಲ್ಲಿ ಕೆಲವೇ ಹಲಗೆಗಳಲ್ಲಿ ಸೋಲುವುದು ಇದೇ ಕಾರಣಕ್ಕೆ.

ಇತಿಹಾಸ

ಲ್ಯಾಮಿನೇಟ್ ನೆಲವನ್ನು ಸ್ವೀಡನ್ನಿನ ಪರ್ಸ್ಟಾರ್ಪ್ ಕಂಪನಿ 1977ರಲ್ಲಿ ರೂಪಿಸಿತು. ಅಡುಗೆಮನೆ ಮೇಜುಗಳ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆಯನ್ನು ತುಳಿದಾಟ ತಾಳುವಷ್ಟು ಗಟ್ಟಿ ಮಾಡುವುದು ಅದರ ಮೂಲ ಆಲೋಚನೆ. 1984ರಲ್ಲಿ ಪರ್ಗೋ ಹೆಸರಿನಲ್ಲಿ ಯುರೋಪಿನ ಮಾರುಕಟ್ಟೆಗೂ 1994ರಲ್ಲಿ ಅಮೆರಿಕಕ್ಕೂ ಅದು ಬಂತು. ಆಗ ನಾಲಿಗೆಗೆ ಅಂಟು ಹಚ್ಚಿ, ಒಣಗುವವರೆಗೆ ಪಟ್ಟಿ ಬಿಗಿದು ಕಾಯಬೇಕಿತ್ತು. 1990ರ ದಶಕದ ನಡುವಿನ ನಂತರ ಸ್ವೀಡನ್ನಿನ ವೇಲಿಂಗೆ ಮತ್ತು ಬೆಲ್ಜಿಯಂನ ಯೂನಿಲಿನ್ ಕಂಪನಿಗಳು ಅಂಟಿಲ್ಲದೆ ಕಚ್ಚಿಕೊಳ್ಳುವ ಬೀಗದ ಅಂಚನ್ನು ತಂದವು. ಒಂದು ಕೋಣೆಯ ಕೆಲಸ ಒಂದೇ ದಿನಕ್ಕೆ ಇಳಿಯಿತು. ತಪ್ಪಾಗಿ ಕೂರಿಸಿದ ಹಲಗೆಯನ್ನು ಬಿಚ್ಚಿ ಮತ್ತೆ ಹಾಕುವುದೂ ಸಾಧ್ಯವಾಯಿತು.

ದೀಪಾಂಜಲಿ ನಗರದ ಸುತ್ತಮುತ್ತಲ ನೆಲಗಳು

ಬೆಂಗಳೂರಿನಲ್ಲಿ ಈ ನೆಲ ಎಲ್ಲಿ, ಹೇಗೆ ಬಳಕೆಯಾಗುತ್ತದೆ ಎಂಬುದಕ್ಕೆ ದೀಪಾಂಜಲಿ ನಗರದ ಸುತ್ತಮುತ್ತಲ ಭಾಗ ಒಂದು ಉದಾಹರಣೆ. ಅದು ಪಶ್ಚಿಮ ಬೆಂಗಳೂರಿನಲ್ಲಿ ಮೈಸೂರು ರಸ್ತೆಗೆ ಹೊಂದಿಕೊಂಡಿರುವ ಬಡಾವಣೆ. ನಾಯಂಡಹಳ್ಳಿ, ಬಾಪೂಜಿನಗರ, ಅತ್ತಿಗುಪ್ಪೆ ಇದರ ನೆರೆಹೊರೆ.   ಮೈಸೂರು ರಸ್ತೆಯ ನ್ಯೂ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಮರದ ದಿಮ್ಮಿ, ಪ್ಲೈವುಡ್, ಕೊಯ್ಯುವ ಯಂತ್ರಗಳ ವ್ಯಾಪಾರ ಹಳೆಯದು. ಬಾಗಿಲು, ಕಿಟಕಿಗೆ ಮರ ಕೊಯ್ಸಲು ಸುತ್ತಲಿನ ಬಡಾವಣೆಗಳವರಿಗೆ ಅದು ಹತ್ತಿರದ ಜಾಗ. ಮರದ ಹಲಗೆಗಳ ಗುಣ ಅಳೆಯುವ ವಿದ್ಯೆಗೂ ನಗರದಲ್ಲಿ ನೆಲೆಯಿದೆ: ತುಮಕೂರು ರಸ್ತೆಯ ಭಾರತೀಯ ಪ್ಲೈವುಡ್ ಕೈಗಾರಿಕೆಗಳ ಸಂಶೋಧನಾ ಸಂಸ್ಥೆ 1962ರಲ್ಲಿ ಸ್ಥಾಪನೆಯಾಯಿತು, ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ.

ಪಶ್ಚಿಮ ಬೆಂಗಳೂರಿನದೇ ಆದ ವಿಜಯನಗರ, ರಾಜಾಜಿನಗರದ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ, ಆಮೇಲಿನವುಗಳಲ್ಲಿ ಮೊಸಾಯಿಕ್, ಈಚಿನವುಗಳಲ್ಲಿ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲು ಕಾಣಸಿಗುತ್ತವೆ. ಇವೆಲ್ಲ ನೀರು ಸುರಿದು ತೊಳೆಯುವ ನೆಲಗಳು. ಲ್ಯಾಮಿನೇಟು ಅಂಥದ್ದಲ್ಲವಾದ್ದರಿಂದ ಮನೆಯವರು ಅದನ್ನು ಮಲಗುವ ಕೋಣೆ, ಓದುವ ಕೋಣೆಗಳಿಗೆ ಸೀಮಿತಗೊಳಿಸಿ, ಅಡುಗೆಮನೆ, ದೇವರಮನೆ, ಬಚ್ಚಲುಮನೆಗಳನ್ನು ಕಲ್ಲಿಗೇ ಬಿಡುತ್ತಾರೆ. 20×30, 30×40 ಅಡಿ ಸೈಟುಗಳಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡು ಎದ್ದ ಮನೆಗಳಲ್ಲಿ ಹಲಗೆ ಕೊಯ್ಯಲು ಸಿಗುವ ಜಾಗವೆಂದರೆ ತಾರಸಿ ಅಥವಾ ಮೆಟ್ಟಿಲ ಬುಡ. ಕೋಣೆಯಲ್ಲಿ ಅಳೆದು, ತಾರಸಿಗೆ ಹತ್ತಿ ಕೊಯ್ದು, ಮತ್ತೆ ಇಳಿದು ಕೂರಿಸಬೇಕು. ಒಂದು ಮಿಲಿಮೀಟರಿನ ತಪ್ಪಿಗೂ ಮೆಟ್ಟಿಲು ಹತ್ತಿಳಿಯಬೇಕಾದ್ದರಿಂದ ಅನುಭವಿ ಕಾರ್ಪೆಂಟರು ಒಂದು ಸಾಲಿಗೆ ಬೇಕಾದ ಎಲ್ಲ ಅಳತೆಯನ್ನೂ ಮೊದಲೇ ಬರೆದುಕೊಂಡು ಹೋಗುತ್ತಾನೆ.

ಕೊಯ್ಯುವ ಮುನ್ನ

ಹಲಗೆಯ ಪೆಟ್ಟಿಗೆಗಳನ್ನು ಹಾಸಬೇಕಾದ ಕೋಣೆಯಲ್ಲೇ ಮಟ್ಟಸವಾಗಿ ಮಲಗಿಸಿ 48 ಗಂಟೆ ಬಿಡಬೇಕು. ಎಚ್‌ಡಿಎಫ್ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನದ ಗಾಳಿ ತೀರ ಒಣಕಲು. ಜೂನ್‌ನಿಂದ ಅಕ್ಟೋಬರ್‌ವರೆಗೆ ತೇವ. ಬೇಸಿಗೆಯಲ್ಲಿ ಗೋಡೆಗೆ ಒತ್ತಿ ಕೊಯ್ದು ಕೂರಿಸಿದ ನೆಲ ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬಿ ನಿಲ್ಲುತ್ತದೆ. ಆದ್ದರಿಂದ ಕೋಣೆಯ ನಾಲ್ಕೂ ಬದಿ, ಕಂಬ, ಚೌಕಟ್ಟುಗಳ ಸುತ್ತ 8–10 ಮಿ.ಮೀ. ಸಂದು ಬಿಡಬೇಕು. ಕೊಯ್ಯುವ ಅಳತೆಯೆಲ್ಲ ಈ ಸಂದನ್ನು ಕಳೆದೇ ಲೆಕ್ಕಕ್ಕೆ ಬರುತ್ತದೆ.

ಹಳೆಯ ನೆಲ ಒಣಗಿರಬೇಕು, ಮಟ್ಟಸವಾಗಿರಬೇಕು. ಎರಡು ಮೀಟರ್ ಉದ್ದದ ನೇರ ಪಟ್ಟಿ ಇಟ್ಟಾಗ ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ನೆಲಮಾಳಿಗೆ, ನೆಲ ಅಂತಸ್ತುಗಳಲ್ಲಿ ತೇವ ಮೇಲೇರುವ ಭಯವಿದ್ದರೆ ಮೊದಲು ಪಾಲಿಥಿನ್ ಹಾಳೆ, ಅದರ ಮೇಲೆ 2–3 ಮಿ.ಮೀ. ಫೋಮ್ ಹಾಸುತ್ತಾರೆ; ಪಾಲಿಥಿನ್ ಹಾಳೆಗಳು ಒಂದರ ಮೇಲೊಂದು 20 ಸೆಂ.ಮೀ. ಹೊದ್ದಿರಬೇಕು. ಹಲಗೆಯ ಉದ್ದ ಕಿಟಕಿಯ ಬೆಳಕಿನ ದಿಕ್ಕಿಗೆ ಇದ್ದರೆ ಕೂಡುಗೆರೆಗಳು ಎದ್ದು ಕಾಣುವುದಿಲ್ಲ.

ಕೋಣೆಯ ಲೆಕ್ಕ

ಬೆಂಗಳೂರಿನಲ್ಲಿ ಮಾಮೂಲಿಯಾದ 10×12 ಅಡಿ ಮಲಗುವ ಕೋಣೆಯನ್ನೂ 1215×195 ಮಿ.ಮೀ. ಹಲಗೆಯನ್ನೂ ತೆಗೆದುಕೊಂಡರೆ ಕೊಯ್ತದ ತರ್ಕ ಸ್ಪಷ್ಟವಾಗುತ್ತದೆ. ಹನ್ನೆರಡು ಅಡಿಯೆಂದರೆ 3658 ಮಿ.ಮೀ.; ಎರಡೂ ಬದಿ 10 ಮಿ.ಮೀ. ಸಂದು ಕಳೆದರೆ 3638. ಮೂರು ಇಡೀ ಹಲಗೆ 3645 ಮಿ.ಮೀ. ಆಗುವುದರಿಂದ ಕೊನೆಯದರಲ್ಲಿ 7 ಮಿ.ಮೀ. ತೆಗೆದರೆ ಸಾಲು ಮುಗಿಯುತ್ತದೆ. ಎಲ್ಲ ಸಾಲನ್ನೂ ಹೀಗೇ ಹಾಸಿದರೆ ತುದಿಗೆರೆಗಳೆಲ್ಲ ಒಂದೇ ನೇರಕ್ಕೆ ಬಂದು ನೆಲ ಅಲ್ಲೇ ಬಿಚ್ಚಿಕೊಳ್ಳುತ್ತದೆ. ಅಕ್ಕಪಕ್ಕದ ಸಾಲುಗಳ ತುದಿಗೆರೆಗಳ ನಡುವೆ ಕನಿಷ್ಠ 30 ಸೆಂ.ಮೀ. ಅಂತರ ಇರಬೇಕೆಂಬುದು ಸಾಮಾನ್ಯ ನಿಯಮ.

ಅದಕ್ಕಾಗಿ ಎರಡನೆಯ ಸಾಲಿಗೆ ಒಂದು ಹಲಗೆಯನ್ನು ಮೂರನೆಯ ಒಂದು ಭಾಗದಲ್ಲಿ ಕೊಯ್ಯುತ್ತಾರೆ. 810 ಮಿ.ಮೀ.ನ ಬಲತುಂಡು ಸಾಲನ್ನು ಆರಂಭಿಸುತ್ತದೆ. ನಂತರ ಎರಡು ಇಡೀ ಹಲಗೆ. ಉಳಿದ 398 ಮಿ.ಮೀ. ಜಾಗಕ್ಕೆ ಅದೇ ಹಲಗೆಯ ಎಡತುಂಡು. ಮೂರನೆಯ ಸಾಲಿನಲ್ಲಿ 405ರ ಬಲತುಂಡು ಮೊದಲು, 803ಕ್ಕೆ ಇಳಿಸಿದ ಎಡತುಂಡು ಕೊನೆಗೆ. ನಾಲ್ಕನೆಯದು ಮತ್ತೆ ಇಡೀ ಹಲಗೆಯಿಂದ. ತುದಿಗೆರೆಗಳ ನಡುವೆ 405 ಮಿ.ಮೀ. ಅಂತರ ಸಿಗುತ್ತದೆ, ಪೋಲಾಗುವುದು ಬ್ಲೇಡಿನ ದಪ್ಪವೂ ಸೇರಿ ಸಾಲಿಗೆ 7 ಮಿ.ಮೀ. ಮಾತ್ರ. ಬಲತುಂಡು ಸಾಲಿನ ಮೊದಲಿಗೆ, ಎಡತುಂಡು ಕೊನೆಗೆ ಎಂಬ ಕ್ರಮವನ್ನು ಅದಲುಬದಲು ಮಾಡುವಂತಿಲ್ಲ. ಎರಡೂ ತುಂಡುಗಳಲ್ಲಿ ಕಾರ್ಖಾನೆಯ ಬೀಗದ ಅಂಚು ಪಕ್ಕದ ಹಲಗೆಗೂ ಕೊಯ್ದ ಅಂಚು ಗೋಡೆಗೂ ಹೋಗುವುದು ಹೀಗಿಟ್ಟಾಗ ಮಾತ್ರ.

ಅಗಲದ ಕಡೆ 3048ರಲ್ಲಿ 20 ಕಳೆದರೆ 3028. ಹದಿನೈದು ಸಾಲಿಗೆ 2925 ಮಿ.ಮೀ. ಹೋಗಿ, ಕೊನೆಯ ಸಾಲಿಗೆ ಉಳಿಯುವುದು 103. ಕೊನೆಯ ಸಾಲು 50 ಮಿ.ಮೀ.ಗಿಂತ ಕಿರಿದಾಗುವಂತಿದ್ದರೆ ಮೊದಲ ಸಾಲನ್ನೂ ಅಗಲಕ್ಕೆ ಕೊಯ್ದು ಎರಡು ಬದಿಗೂ ಹಂಚಬೇಕು. ಇಲ್ಲಿ ಅದರ ಅಗತ್ಯವಿಲ್ಲ. ಒಟ್ಟು 16 ಸಾಲಿಗೆ 48 ಹಲಗೆ. ಎಂಟು ಹಲಗೆಯ ಪೆಟ್ಟಿಗೆಯಾದರೆ ಸುಮಾರು 20.4 ಚದರಡಿಯಂತೆ ಆರು ಪೆಟ್ಟಿಗೆಗೆ ಲೆಕ್ಕ ಸರಿಹೋಗುತ್ತದೆ. ಆದರೂ ಕೊಯ್ತದಲ್ಲಿ ಕೆಡುವುದಕ್ಕೂ ಮುಂದೆ ಒಂದೆರಡು ಹಲಗೆ ಬದಲಿಸುವುದಕ್ಕೂ ಏಳನೆಯ ಪೆಟ್ಟಿಗೆ ಬೇಕು. ಅದೇ ಚಿತ್ರದ ಹಲಗೆ ಕೆಲವು ವರ್ಷಗಳ ಮೇಲೆ ಅಂಗಡಿಯಲ್ಲಿ ಸಿಗುವುದು ಅನುಮಾನ.

ಸಲಕರಣೆಗಳು

ಕೈಗರಗಸ: ಸಣ್ಣ ಹಲ್ಲಿನದು ಬೇಕು. ನಿಧಾನ, ಆದರೆ ಕರೆಂಟು ಬೇಡ. ಚೌಕಟ್ಟಿನ ಬುಡ, ಮೂಲೆಯ ಕಚ್ಚುಗಳಿಗೆ ಇಂದಿಗೂ ಇದೇ ಸರಿ.

ಜಿಗ್ ಸಾ: ಎಲ್ ಆಕಾರದ ಕಚ್ಚು, ಕಂಬದ ಸುತ್ತಳತೆ, ಪೈಪಿನ ತೂತು ಇವುಗಳಿಗೆ. ನೇರ ಗೆರೆಯಲ್ಲಿ ಬ್ಲೇಡು ಓಲಾಡುವುದರಿಂದ ಉದ್ದ ಕೊಯ್ತಕ್ಕೆ ಒಗ್ಗದು.

ಸರ್ಕ್ಯುಲರ್ ಸಾ: ಹಲಗೆಯನ್ನು ಉದ್ದಕ್ಕೆ ಸೀಳಲು, ಅಂದರೆ ಕೊನೆಯ ಸಾಲಿಗೆ. ನೇರ ಪಟ್ಟಿಯನ್ನು ಕ್ಲಾಂಪಿನಿಂದ ಬಿಗಿದು ಅದಕ್ಕೆ ಒತ್ತಿ ಓಡಿಸಬೇಕು. ಬ್ಲೇಡು ಹಲಗೆಯ ದಪ್ಪಕ್ಕಿಂತ 5–6 ಮಿ.ಮೀ. ಮಾತ್ರ ಹೊರಚಾಚಿರಬೇಕು.

ಮೈಟರ್ ಸಾ: ಅಡ್ಡಕೊಯ್ತಕ್ಕೂ, ಗೋಡೆಯ ಸಂದು ಮುಚ್ಚುವ ಪಟ್ಟಿಯಾದ ಬೀಡಿಂಗನ್ನು ಮೂಲೆಗಳಲ್ಲಿ 45 ಡಿಗ್ರಿಗೆ ಕೊಯ್ಯುವುದಕ್ಕೂ ಚೊಕ್ಕಟವಾದ ಸಾಧನ.

ಲ್ಯಾಮಿನೇಟ್ ಕಟರ್: ಉದ್ದನೆಯ ಹಿಡಿ ಒತ್ತಿ ಅಲಗಿನಿಂದ ಕತ್ತರಿಸುವ ಯಂತ್ರ. ಧೂಳಿಲ್ಲ, ಸದ್ದಿಲ್ಲ, ಕರೆಂಟಿಲ್ಲ. ಅಂಚು ಸ್ವಲ್ಪ ಒರಟಾದರೂ ಬೀಡಿಂಗಿನಡಿ ಮರೆಯಾಗುತ್ತದೆ. ಬಾಡಿಗೆದಾರರು ತುಂಬಿರುವ ಕಟ್ಟಡದಲ್ಲಿ ತಾರಸಿಗೆ ಹೋಗದೆ ಕೋಣೆಯೊಳಗೇ ಕೆಲಸ ಮಾಡಲು ಇದು ಅನುಕೂಲ.

ಇವೆಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವುದು ಟೈಲು ಕೆಲಸದವರ ನಾಲ್ಕಿಂಚಿನ ಕಟ್ಟಿಂಗ್ ಮಷಿನ್. ಇದರಲ್ಲಿ ಎರಡು ಬಗೆಯಿದೆ. ಮಾರ್ಬಲ್ ಕಟರಿಗೆ ತಳಪಟ್ಟಿ ಇರುವುದರಿಂದ ಮರದ ಬ್ಲೇಡು ಹಾಕಿ ನೇರವಾಗಿ ಓಡಿಸಬಹುದು. ಆದರೆ ತಳಪಟ್ಟಿಯಿಲ್ಲದ ಆಂಗಲ್ ಗ್ರೈಂಡರಿಗೆ ಹಲ್ಲಿನ ಮರದ ಬ್ಲೇಡು ಹಾಕುವುದು ಅಪಾಯ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಬ್ಲೇಡಿನ ಹಲ್ಲು ಹಲಗೆಯಲ್ಲಿ ಸಿಕ್ಕಿದರೆ ಯಂತ್ರ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಎಗರುತ್ತದೆ. ಕಲ್ಲು ಕೊಯ್ಯುವ ಹಲ್ಲಿಲ್ಲದ ಬ್ಲೇಡು ಎಗರುವುದು ಕಡಿಮೆ; ಆದರೆ ಅದು ಹಲಗೆಯನ್ನು ಸುಟ್ಟು ಕರಿ ಮಾಡುತ್ತದೆ.

ಬ್ಲೇಡು ಯಾವುದೇ ಯಂತ್ರದ್ದಾಗಲಿ, ಹಲ್ಲಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಬೆಸೆದಿರಬೇಕು. ದೊಡ್ಡ ಬ್ಲೇಡಿನಲ್ಲಿ 60–80 ಹಲ್ಲಿದ್ದರೆ ಅಂಚು ನಯವಾಗಿ ಬರುತ್ತದೆ. ಇಡೀ ಕಟ್ಟಡದ ನೆಲ ಹಾಸುವವರು ಕೃತಕ ವಜ್ರದ ಹಲ್ಲಿನ ಬ್ಲೇಡು ಬಳಸುವುದುಂಟು. ಹೊಗೆ, ಸುಟ್ಟ ವಾಸನೆ, ಕಂದು ಅಂಚು ಕಂಡರೆ ಹಲ್ಲು ಮೊಂಡಾಗಿದೆ ಎಂದೇ ಅರ್ಥ.

ಹಲ್ಲಿನ ದಿಕ್ಕು, ಹಲಗೆಯ ಮುಖ

ಹಲ್ಲು ಹಲಗೆಯನ್ನು ಹೊಕ್ಕ ಬದಿ ಚೊಕ್ಕಟವಾಗಿರುತ್ತದೆ, ಹೊರಬಂದ ಬದಿ ಚೂರೇಳುತ್ತದೆ. ಗಟ್ಟಿಯಾದರೂ ಪೆಡಸಾದ ಸವೆತ ಪದರಕ್ಕೆ ಹಿಂದಿನಿಂದ ಆಸರೆಯಿಲ್ಲದೆ ಹೊರಮುಖವಾಗಿ ತಳ್ಳಿದರೆ ಅದು ಚಕ್ಕೆಚಕ್ಕೆಯಾಗಿ ಹಾರುತ್ತದೆ. ಹಲಗೆಯನ್ನು ಯಾವ ಮುಖ ಮಾಡಿ ಇಡಬೇಕೆಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ನಮ್ಮ ಕೈಗರಗಸ ತಳ್ಳುವಾಗ ಕೊಯ್ಯುತ್ತದೆ, ಹಲ್ಲು ಕೆಳಕ್ಕೆ ಇಳಿಯುತ್ತದೆ. ಚಿತ್ರದ ಮುಖ ಮೇಲಿರಲಿ. ಮೈಟರ್ ಸಾ, ಟೇಬಲ್ ಸಾಗಳಲ್ಲೂ ಹಲ್ಲು ಮೇಲಿನಿಂದ ಇಳಿಯುವುದರಿಂದ ಮುಖ ಮೇಲೆ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಮತ್ತು ಮಾರ್ಬಲ್ ಕಟರಿನಲ್ಲಿ ಮುಂದಿನ ಹಲ್ಲು ಕೆಳಗಿನಿಂದ ಮೇಲೇರುತ್ತದೆ, ಮುಖ ಕೆಳಗೆ. ಜಿಗ್ ಸಾದ ಮಾಮೂಲಿ ಬ್ಲೇಡು ಮೇಲೆಳೆಯುವಾಗ ಕೊಯ್ಯುತ್ತದೆ. ಅಲ್ಲೂ ಮುಖ ಕೆಳಗೆ. ಹಿಮ್ಮುಖ ಹಲ್ಲಿನ ಬ್ಲೇಡು ಹಾಕಿದರೆ ಮುಖ ಮೇಲೆ ಮಾಡಿಯೇ ಕೊಯ್ಯಬಹುದು.

ಮುಖ ಕೆಳಗೆ ಮಾಡಿದಾಗ ಎಡಬಲ ಅದಲುಬದಲಾಗುತ್ತದೆ. ಅಡ್ಡಗೆರೆಗೆ ಇದರಿಂದ ತೊಂದರೆಯಿಲ್ಲ. ಕಂಬದ ಕಚ್ಚನ್ನು ಬೆನ್ನಿಗೆ ಗುರುತು ಹಾಕುವಾಗ ಮರೆತರೆ ಹಲಗೆ ಕೆಟ್ಟಿತು. ಗೆರೆಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸುವುದು, ಕಟರ್ ಬ್ಲೇಡಿನಿಂದ ಸವೆತ ಪದರವನ್ನು ಮೊದಲೇ ಗೀರುವುದು, ಅಡಿಯಲ್ಲಿ ಬೇಡದ ಹಲಗೆ ಇಟ್ಟು ಆಸರೆ ಕೊಡುವುದು ಚೂರೇಳುವುದನ್ನು ಇನ್ನಷ್ಟು ತಗ್ಗಿಸುತ್ತವೆ. ತುಂಡು ಬೀಳುವ ಕೊನೆ ಗಳಿಗೆಯಲ್ಲಿ ಅದನ್ನು ಕೈಯಿಂದ ಹಿಡಿಯದಿದ್ದರೆ ತನ್ನ ಭಾರಕ್ಕೆ ಮುರಿದು ಮೂಲೆಯನ್ನು ಕಿತ್ತುಕೊಂಡು ಹೋಗುತ್ತದೆ.

ಕೊಯ್ತದ ಬಗೆಗಳು

ಸಾಲಿನ ಕೊನೆಯ ತುಂಡಿಗೆ ಟೇಪು ಹಿಡಿಯದೆಯೂ ಗುರುತು ಹಾಕಬಹುದು. ಹಲಗೆಯನ್ನು ಮುಖ ಮೇಲಾಗಿಯೇ ತುದಿ ತಿರುಗಿಸಿ, ಗೋಡೆಗೆ ಸಂದಿನ ಆಪು ಕೊಟ್ಟು ಸಾಲಿನ ಪಕ್ಕ ಮಲಗಿಸಿ, ಹಿಂದಿನ ಹಲಗೆ ಮುಗಿಯುವ ಕಡೆ ಗೆರೆ ಎಳೆದರಾಯಿತು. ಕೊಯ್ದು ಮತ್ತೆ ತಿರುಗಿಸಿದಾಗ ಬೀಗದ ತುದಿ ಸಾಲಿಗೆ, ಕೊಯ್ದ ತುದಿ ಗೋಡೆಗೆ ಬರುತ್ತದೆ.

ಕೊನೆಯ ಸಾಲಿನಲ್ಲಿ ಗೋಡೆ ನೇರವಾಗಿದೆ ಎಂದು ನಂಬಬಾರದು; ಪ್ಲಾಸ್ಟರಿನ ಏರಿಳಿತ ಇದ್ದೇ ಇರುತ್ತದೆ. ಪ್ರತಿ ಹಲಗೆಗೂ ಎರಡೂ ತುದಿಯಲ್ಲಿ ಅಳೆದು, ಸಂದು ಕಳೆದು, ಎರಡು ಗುರುತುಗಳನ್ನು ಕೂಡಿಸಿ ಸೀಳಬೇಕು. ಇಂಥ ಕಿರಿದಾದ ಪಟ್ಟಿಯನ್ನು ಸುತ್ತಿಗೆಯಿಂದ ತಟ್ಟಲು ಜಾಗವಿರದು. ಕೊಕ್ಕೆಯಂತೆ ಬಾಗಿದ ಉಕ್ಕಿನ ಪಟ್ಟಿ ಸಿಕ್ಕಿಸಿ ಎಳೆದು ಕೂರಿಸುತ್ತಾರೆ.

ಬಾಗಿಲ ಚೌಕಟ್ಟಿನ ಸುತ್ತ ಹಲಗೆಯನ್ನು ಕೊರೆಯುವುದಕ್ಕಿಂತ ಚೌಕಟ್ಟಿನ ಬುಡವನ್ನೇ ಕೊಯ್ಯುವುದು ಚೆಂದ. ಫೋಮಿನ ಮೇಲೆ ತುಂಡು ಹಲಗೆಯೊಂದನ್ನು ಇಟ್ಟು, ಅದರ ಮೇಲೆ ಕೈಗರಗಸವನ್ನು ಮಟ್ಟಸವಾಗಿ ಮಲಗಿಸಿ ಕೊಯ್ದರೆ ಬೇಕಾದಷ್ಟೇ ಎತ್ತರದ ಸಂದು ಸಿಗುತ್ತದೆ. ಹಲಗೆ ಅದರಡಿ ನುಸುಳುತ್ತದೆ. ಓರೆ ಮಾಡಿ ಕೂರಿಸಲಾಗದ ಇಂಥ ಜಾಗದಲ್ಲಿ ಬೀಗದ ತುಟಿಯ ಏಣನ್ನು ಉಳಿಯಿಂದ ಹೆರೆದು, ಅಂಟು ಹಚ್ಚಿ, ಅಡ್ಡಲಾಗಿ ತಳ್ಳಿ ಕೂಡಿಸಬೇಕು. ಹಲಗೆ, ಫೋಮ್ ಸೇರಿ ನೆಲ ಸುಮಾರು 10 ಮಿ.ಮೀ. ಏರುವುದರಿಂದ ಒಳಬಾಗಿಲಿನ ಅಡಿಯನ್ನೂ ಕೀಸಬೇಕಾಗುತ್ತದೆ. ಮುಂಬಾಗಿಲ ಹೊಸಿಲಿಗೆ ಗರಗಸ ತಾಗಿಸುವ ಮಾತಿಲ್ಲ. ಅರಿಶಿನ ಕುಂಕುಮ, ನೀರು ಬೀಳುವ ಆ ಜಾಗಕ್ಕೆ ಮುಂಚೆಯೇ ಹಲಗೆ ನಿಲ್ಲಿಸಿ ಲೋಹದ ಪಟ್ಟಿಯಿಂದ ಅಂಚು ಮುಚ್ಚುತ್ತಾರೆ.

ಪೈಪು ಬಂದ ಕಡೆ ತೂತಿನ ವ್ಯಾಸ ಪೈಪಿಗಿಂತ 20 ಮಿ.ಮೀ. ಹೆಚ್ಚಿರಬೇಕು. ತೂತಿನ ನಡುವಿಗೆ ಹಲಗೆಯನ್ನು ಅಡ್ಡ ಕೊಯ್ದು, ಪೈಪಿನ ಎರಡು ಬದಿಯಿಂದ ತುಂಡುಗಳನ್ನು ತಂದು ಅಂಟಿನಿಂದ ಕೂಡಿಸುತ್ತಾರೆ. ಗೋಡೆಗೆ ಕಟ್ಟಿದ ಭಾರದ ವಾರ್ಡ್‌ರೋಬಿನಡಿ ಹಲಗೆ ಹೋಗಬಾರದು. ಒಂದು ಬದಿ ಒತ್ತಿ ಹಿಡಿದರೆ ನೆಲಕ್ಕೆ ಸರಿಯಲಾಗದು. ವಾರ್ಡ್‌ರೋಬಿನ ಪೀಠದವರೆಗೆ ಸಂದು ಬಿಟ್ಟು ಕೊಯ್ಯಬೇಕು.

ಬೆಂಗಳೂರಿನ ಮನೆಗಳಲ್ಲಿ ಟೈಲಿನದೋ ಗ್ರಾನೈಟಿನದೋ ನಾಲ್ಕಿಂಚಿನ ಸ್ಕರ್ಟಿಂಗ್ ಮೊದಲೇ ಇರುತ್ತದೆ. ಅದನ್ನು ಕೀಳದೆ, ಅದರ ಬುಡಕ್ಕೆ ಬೀಡಿಂಗ್ ಅಂಟಿಸಿ ಸಂದು ಮುಚ್ಚುವುದು ರೂಢಿ. ಅಂಟು ಸ್ಕರ್ಟಿಂಗಿಗೆ ಮಾತ್ರ ತಾಗಬೇಕು, ಹಲಗೆಗೆ ತಾಗಿದರೆ ಬಿಟ್ಟ ಸಂದು ವ್ಯರ್ಥ. ಸಂದಿಗೆ ವೈಟ್ ಸಿಮೆಂಟ್ ತುಂಬುವುದು ಗಾರೆ ಕೆಲಸದ ಅಭ್ಯಾಸ. ತೇಲುವ ನೆಲಕ್ಕೆ ಅದು ಸಲ್ಲದು.

ಧೂಳು, ಸದ್ದು, ಚೂರು

ಎಚ್‌ಡಿಎಫ್ ಧೂಳು ಹಿಟ್ಟಿನಷ್ಟು ನವಿರು. ಮರದ ಧೂಳನ್ನೂ, ನಾರನ್ನು ಬೆಸೆಯುವ ರಾಳದಲ್ಲಿರುವ ಫಾರ್ಮಾಲ್ಡಿಹೈಡನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲಿ ಸೇರಿಸಿದೆ. ಎನ್95 ಮಾಸ್ಕು, ಕನ್ನಡಕ, ಕಿವಿಗೆ ರಕ್ಷಣೆ ಬೇಕು. ತಲೆಗೆ ಕಟ್ಟುವ ವಲ್ಲಿ ಇಷ್ಟು ನವಿರು ಧೂಳನ್ನು ತಡೆಯದು. ಇ1 ಗುರುತಿನ ಹಲಗೆಯಿಂದ ಹೊಮ್ಮುವ ಫಾರ್ಮಾಲ್ಡಿಹೈಡ್ ಕಡಿಮೆ. ಕೈಗವಸು ಹಲಗೆ ಹೊರುವಾಗ ಸರಿ, ತಿರುಗುವ ಬ್ಲೇಡಿನ ಬಳಿ ಬೇಡ. ತಾರಸಿಗೆ ವೈರು ಎಳೆದು ಕೆಲಸ ಮಾಡುವಾಗ ಅರ್ತಿಂಗ್ ಇರುವ ಪ್ಲಗ್ಗು, ಮಳೆಗಾಲದಲ್ಲಿ ಒಣ ನೆಲ ಅತ್ಯಗತ್ಯ. ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಗರಗಸದ ಸದ್ದು ಇದನ್ನು ಸುಲಭವಾಗಿ ದಾಟುವುದರಿಂದ ನೆರೆಯವರ ಹೊತ್ತು ನೋಡಿ ಕೊಯ್ಯುವುದು ವಾಸಿ.

ಉಳಿದ ಚೂರುಗಳನ್ನು ನೀರು ಕಾಯಿಸುವ ಒಲೆಗೆ ಹಾಕುವ ಅಭ್ಯಾಸ ಒಳ್ಳೆಯದಲ್ಲ; ರಾಳ ಸುಟ್ಟ ಹೊಗೆ ಸೌದೆಯ ಹೊಗೆಯಂತಲ್ಲ. ಒಂದಡಿಗಿಂತ ಉದ್ದದ ತುಂಡುಗಳನ್ನು ದುರಸ್ತಿಗೆ ಇಟ್ಟುಕೊಂಡು ಉಳಿದದ್ದನ್ನು ಒಣಕಸಕ್ಕೆ ಕೊಡಬೇಕು.

ಮಿತಿಗಳು ಮತ್ತು ಪರ್ಯಾಯ

ಕೊಯ್ತ ಎಷ್ಟೇ ಚೊಕ್ಕಟವಾಗಿದ್ದರೂ ಲ್ಯಾಮಿನೇಟು ನಿಂತ ನೀರನ್ನು ತಡೆಯದು. ಬಕೆಟ್ ನೀರು ಚೆಲ್ಲಿ ತೊಳೆದರೆ ಬೀಡಿಂಗಿನಡಿ ಇಳಿದ ನೀರನ್ನು ಕೊಯ್ದ ಅಂಚು ಹೀರಿ ಊದಿಕೊಳ್ಳುತ್ತದೆ. ಒಮ್ಮೆ ಊದಿದ ಎಚ್‌ಡಿಎಫ್ ಒಣಗಿದರೂ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಹಿಂಡಿದ ಬಟ್ಟೆಯಿಂದ ಒರೆಸುವುದಷ್ಟೇ ಇದರ ಆರೈಕೆ. ಬಚ್ಚಲಮನೆ ಹೊಸಿಲಿನ ಬಳಿ ಕೊಯ್ದ ಅಂಚಿಗೆ ಸಿಲಿಕೋನ್ ತುಂಬುವುದುಂಟು. ಅದು ಮೆತ್ತಗಿರುವುದರಿಂದ ನೆಲದ ಸರಿದಾಟಕ್ಕೆ ಅಡ್ಡಿಯಿಲ್ಲ.

ನೀರಿನ ಬಳಕೆ ಹೆಚ್ಚಿರುವ ಕಡೆ ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ ಎಸ್‌ಪಿಸಿ ಹಲಗೆಗಳು ಪರ್ಯಾಯ. ಅವುಗಳ ಅಡ್ಡಕೊಯ್ತಕ್ಕೆ ಗರಗಸವೂ ಬೇಕಿಲ್ಲ: ಕಟರ್ ಬ್ಲೇಡಿನಿಂದ ಎರಡು ಮೂರು ಬಾರಿ ಗೀರಿ ಬಗ್ಗಿಸಿದರೆ ಗೆರೆಗುಂಟ ಮುರಿಯುತ್ತವೆ. ಲ್ಯಾಮಿನೇಟು ಹಾಗೆ ಮುರಿಯುವುದಿಲ್ಲ; ಅದಕ್ಕೆ ಕಾರ್ಬೈಡ್ ಹಲ್ಲು, ಸರಿಯಾದ ಮುಖ, ಗೋಡೆಯ ಸಂದು ಮೂರೂ ಬೇಕು. ಮನೆಯವರು ಕೆಲಸ ಒಪ್ಪಿಕೊಳ್ಳುವಾಗ ನೆಲದ ನಡುವಿನ ಹೊಳಪಿಗಿಂತ ಮೊದಲು, ಬೀಡಿಂಗ್ ಅಂಟಿಸುವ ಮುನ್ನವೇ ಗೋಡೆಯುದ್ದಕ್ಕೂ ಬಿಟ್ಟಿರುವ ಸಂದನ್ನೂ ಚೌಕಟ್ಟಿನ ಬುಡವನ್ನೂ ನೋಡಬೇಕು. ಬೀಡಿಂಗ್ ಬಿದ್ದ ಮೇಲೆ ತಪ್ಪು ಕಾಣುವುದು ಮಳೆಗಾಲಕ್ಕೇ.